ಊರಿಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರ್ ಸ್ಲೋ!

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ಮನೆಯಲ್ಲಿ 2017ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. ಐ3, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಎರಡು ವರ್ಷದ ಹಿಂದೆ ಮಗ ರಜೆಗೆ ಬಂದಾಗ ಇನ್ನೊಂದು ರ‍್ಯಾಮ್ ಹಾಕಿಸಿ 8 ಜಿಬಿ ಮಾಡಿಕೊಟ್ಟ. ಕನ್ನಡ ಸಂಘದ ಮಹಿಳಾ ವಿಭಾಗದ ಲೆಕ್ಕ, ಹಳೆಯ ನುಡಿ ಫೈಲುಗಳು, ಫೋಟೊಗಳು ಎಲ್ಲವೂ ಅದರಲ್ಲೇ ಇವೆ. ಮೇ ಕೊನೆಗೆ ಮದುವೆಗೆಂದು ಉಡುಪಿಗೆ ಹೋಗಿ ಮೂರು ವಾರ ಬಿಟ್ಟು ಬಂದೆವು. ಮದುವೆ ಫೋಟೊಗಳನ್ನು ಪೆನ್‌ಡ್ರೈವಿನಿಂದ ಡೆಸ್ಕ್‌ಟಾಪ್ ಮೇಲೆ ಹಾಕಿದೆ. ಅವತ್ತಿನಿಂದ ಕಂಪ್ಯೂಟರ್ ತುಂಬಾ ಸ್ಲೋ. ಆನ್ ಆಗಲು ಹತ್ತು ನಿಮಿಷ ಬೇಕು. ಎಕ್ಸೆಲ್ ಮೇಲೆ ಕ್ಲಿಕ್ ಮಾಡಿದರೆ ಸುಮ್ಮನಿರುತ್ತದೆ, ಆಮೇಲೆ ಒಂದೇ ಸಲ ನಾಲ್ಕು ಎಕ್ಸೆಲ್ ತೆರೆದುಕೊಳ್ಳುತ್ತದೆ. ಕೆಳಗಿನ ಅಂಗಡಿಯವರು ‘ವೈರಸ್, ಫಾರ್ಮ್ಯಾಟ್ ಮಾಡಬೇಕು’ ಅಂದರು. ಪಕ್ಕದ ಮನೆಯ ಹುಡುಗ ಯಾವುದೋ ಬೂಸ್ಟರ್ ಹಾಕಿ ಎನ್ನುತ್ತಾನೆ. ಯಾವುದು ಸರಿ?

ಉತ್ತರ: ಅಕ್ಕಾ, ಎರಡೂ ಬೇಡ. ಫಾರ್ಮ್ಯಾಟ್ ಅಂತೂ ಈ ವಾರ ಖಂಡಿತ ಬೇಡ.

ನೀವು ಬರೆದದ್ದರಲ್ಲಿ ನನ್ನ ಕಿವಿ ನೆಟ್ಟಗಾದದ್ದು ‘ಅವತ್ತಿನಿಂದ’ ಎನ್ನುವ ಮಾತಿಗೆ. ಕಂಪ್ಯೂಟರ್ ಸ್ಲೋ ಆಗುವುದರಲ್ಲಿ ಎರಡು ಜಾತಿ. ಒಂದು, ವರ್ಷಗಟ್ಟಲೆ ನಿಧಾನವಾಗಿ ಭಾರವಾಗುತ್ತಾ ಹೋಗುವುದು. ಅದು ವಯಸ್ಸು, ತುಂಬಿಕೊಂಡ ಪ್ರೋಗ್ರಾಂಗಳು, ಬೆಳೆದ ವಿಂಡೋಸ್. ಅದಕ್ಕೆ ಅವಸರವಿಲ್ಲ. ಇನ್ನೊಂದು, ಮೊನ್ನೆ ಸರಿ ಇದ್ದದ್ದು ಇವತ್ತು ಎಳೆಯುವುದು. ಹೀಗಾದರೆ ಏನೋ ಒಂದು ಆಗಿದೆ ಎಂದೇ ಅರ್ಥ. ಆ ‘ಏನೋ’ ಯಾವುದೆಂದು ನೋಡದೆ ಕೈ ಹಾಕಬಾರದು. ಯಾಕೆಂದರೆ ಅದು ಹಾರ್ಡ್ ಡಿಸ್ಕ್ ಆಗಿದ್ದರೆ, ನಾವು ರಿಪೇರಿ ಎಂದುಕೊಂಡು ಮಾಡುವ ಕೆಲಸವೇ ಅದನ್ನು ಮುಗಿಸಿಬಿಡುತ್ತದೆ.

ಈ ಪಾಠ ನಾನು ಕಲಿತದ್ದು ಬೇರೆಯವರ ಖರ್ಚಿನಲ್ಲಿ. ಮುಂಬಯಿಯ ಕಂಪ್ಯೂಟರ್ ಬಜಾರ್ ಲ್ಯಾಮಿಂಗ್ಟನ್ ರೋಡಿನ ರಿಪೇರಿ ಬೆಂಚಿಗೆ ಹೊಸಬನಾಗಿದ್ದಾಗ ಮಾಟುಂಗಾದ ಹಿರಿಯರೊಬ್ಬರು ಇಂಥದ್ದೇ ಒಂದು ಕಂಪ್ಯೂಟರ್ ತಂದಿದ್ದರು. ಸ್ಲೋ ಅಂದ ತಕ್ಷಣ ಡಿಫ್ರ್ಯಾಗ್ ಹಚ್ಚಿ ಊಟಕ್ಕೆ ಹೋದೆ. ಡಿಫ್ರ್ಯಾಗ್ ಎಂದರೆ ಡಿಸ್ಕಿನಲ್ಲಿ ಚದುರಿದ ತುಂಡುಗಳನ್ನು ಎತ್ತಿ ಎತ್ತಿ ಒಂದು ಕಡೆ ಜೋಡಿಸುವ ಕೆಲಸ. ಸೊಂಟ ನೋವಿನವರಿಗೆ ಮನೆ ಬದಲಿಸಲು ಹೇಳಿದ ಹಾಗೆ. ವಾಪಸ್ ಬಂದಾಗ ಡಿಸ್ಕ್ ಟಕ್ ಟಕ್ ಎನ್ನುತ್ತಿತ್ತು. ಅದರಲ್ಲಿ ಅವರ ಹೆಂಡತಿ ಹಾಡಿದ ದೇವರನಾಮಗಳ ರೆಕಾರ್ಡಿಂಗ್ ಇತ್ತು. ಅರ್ಧ ಮಾತ್ರ ಉಳಿಯಿತು. ಅವರು ಬೈಯಲಿಲ್ಲ, ಅದೇ ಇನ್ನೂ ಚುಚ್ಚುತ್ತದೆ.

ಈಗ ನಿಮ್ಮ ಕಂಪ್ಯೂಟರಿಗೆ ಬರೋಣ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕ ಕಿಟಕಿ ಮಾತ್ರ ಕಂಡರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ, ಮೇಲಿನ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲಾಗಿರುತ್ತವೆ. ಅಲ್ಲಿ ಏನನ್ನೂ ಬದಲಿಸಬೇಡಿ, ಸುಮ್ನೆ ನೋಡಿ. ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು ಡಿಸ್ಕ್. ಅಲ್ಲಿ ಎರಡು ಅಂಕೆ ಮುಖ್ಯ. ‘ಆ್ಯಕ್ಟಿವ್ ಟೈಮ್’ ಎಂದರೆ ಡಿಸ್ಕ್ ಎಷ್ಟು ಹೊತ್ತು ಕೆಲಸದಲ್ಲಿದೆ ಎನ್ನುವುದು. ‘ಆವರೇಜ್ ರೆಸ್ಪಾನ್ಸ್ ಟೈಮ್’ ಎಂದರೆ ಕೇಳಿದ್ದನ್ನು ಕೊಡಲು ಎಷ್ಟು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿದೆ ಎನ್ನುವುದು. ಆ್ಯಕ್ಟಿವ್ ಟೈಮ್ 100 ಶೇಕಡಾ ಎಂದು ಕಂಡ ಕೂಡಲೇ ಹೆದರಬೇಡಿ. ಹಾರ್ಡ್ ಡಿಸ್ಕ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಆನ್ ಮಾಡಿದ ಮೊದಲ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಅದರ ಜೊತೆಗೆ ಓದುವ ವೇಗವೂ ಚೆನ್ನಾಗಿದ್ದರೆ, ಅಂದರೆ ಸೆಕೆಂಡಿಗೆ ಹತ್ತಾರು ಎಂಬಿ ಓಡುತ್ತಿದ್ದರೆ, ಅದು ನಿಜವಾಗಿ ದುಡಿಯುತ್ತಿದೆ. ಆದರೆ 100 ಶೇಕಡಾ ಇದ್ದೂ ವೇಗ ಒಂದು ಎಂಬಿಯೂ ಇಲ್ಲ, ರೆಸ್ಪಾನ್ಸ್ ಟೈಮ್ ಸಾವಿರಗಳಲ್ಲಿ ಹಾರುತ್ತಿದೆ, ಸಿಪಿಯು ನೋಡಿದರೆ ಐದಾರು ಶೇಕಡಾದಲ್ಲಿ ಆರಾಮಾಗಿ ಕೂತಿದೆ ಎಂದಾದರೆ, ಡಿಸ್ಕ್ ದುಡಿಯುತ್ತಿಲ್ಲ, ಒದ್ದಾಡುತ್ತಿದೆ.

ಹೀಗೇಕೆ ಅಂದರೆ, ನಿಮ್ಮ ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತಿರುತ್ತವೆ. ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡ್. ಎಲ್ಲೋ ಒಂದು ಜಾಗ ಹಾಳಾಗಿ ಓದಲು ಬರದಿದ್ದರೆ ಡಿಸ್ಕ್ ಅಲ್ಲಿಗೇ ಬಿಡುವುದಿಲ್ಲ. ತಟ್ಟೆ ಇನ್ನೊಮ್ಮೆ ತಿರುಗಿ ಬರಲಿ ಎಂದು ಕಾದು ಮತ್ತೆ ಓದುತ್ತದೆ. ಬರಲಿಲ್ಲವೆಂದರೆ ಮತ್ತೆ. ನೂರಾರು ಸಲ. ಅಷ್ಟು ಹೊತ್ತೂ ವಿಂಡೋಸ್ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಕಲ್ವಾ ಹತ್ತಿರ ಒಂದು ಲೋಕಲ್ ರೈಲು ಕೆಟ್ಟು ನಿಂತರೆ ಹಿಂದೆ ಡೊಂಬಿವಲಿ ತನಕ ಗಾಡಿಗಳು ಸಾಲಾಗಿ ನಿಲ್ಲುವುದಿಲ್ವಾ, ಹಾಗೆ. ಹಿಂದಿನ ಗಾಡಿಗಳಿಗೆ ಏನೂ ಆಗಿರುವುದಿಲ್ಲ. ನಿಮ್ಮ ನಾಲ್ಕು ಎಕ್ಸೆಲ್ ಒಮ್ಮೆಲೇ ತೆರೆದುಕೊಂಡದ್ದೂ ಇದೇ ರೀತಿ ಇರಬಹುದು. ನೀವು ಬೇಸತ್ತು ಒತ್ತಿದ ನಾಲ್ಕೂ ಕ್ಲಿಕ್ ಸಾಲಿನಲ್ಲಿ ನಿಂತಿದ್ದವು, ದಾರಿ ಬಿಟ್ಟ ಕೂಡಲೇ ಎಲ್ಲ ಒಟ್ಟಿಗೆ ಹೊರಟವು. ಅದಕ್ಕೇ ನನಗೆ ವೈರಸ್ಸಿಗಿಂತ ಡಿಸ್ಕ್ ಮೇಲೆ ಅನುಮಾನ ಜಾಸ್ತಿ.

ಅನುಮಾನ ಖಚಿತ ಮಾಡಿಕೊಳ್ಳಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎನ್ನುವ ಉಚಿತ ಪ್ರೋಗ್ರಾಂ ಇದೆ. ಇನ್‌ಸ್ಟಾಲ್ ಮಾಡಬೇಕಾಗಿಲ್ಲದ ಪೋರ್ಟಬಲ್ ಆವೃತ್ತಿಯೂ ಸಿಗುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಲ್ಲಿ ತನ್ನಿ. ಡೌನ್‌ಲೋಡ್ ಪುಟದಲ್ಲಿ ದೊಡ್ಡದಾಗಿ ಹೊಳೆಯುವ ಹಸಿರು ಬಟನ್ ಕಂಡರೆ ಅದು ಬಹುಮಟ್ಟಿಗೆ ಜಾಹೀರಾತು, ಒತ್ತಬೇಡಿ. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಈ ಪ್ರೋಗ್ರಾಂ ಅದನ್ನು ಓದಿ ತೋರಿಸುತ್ತದೆ. ನೀಲಿ ‘ಗುಡ್’ ಕಂಡರೆ ಸದ್ಯಕ್ಕೆ ನೆಮ್ಮದಿ. ಹಳದಿ ‘ಕಾಶನ್’ ಕಂಡರೆ ಫೋಟೊ, ಫೈಲುಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಲು ಇವತ್ತೇ ಕೂರಬೇಕು. ಕೆಂಪು ಕಂಡರೆ ಕೇಳುವುದೇ ಬೇಡ.

ಕೆಳಗಿನ ಪಟ್ಟಿಯಲ್ಲಿ ನಾಲ್ಕು ಸಾಲು ಹುಡುಕಿ: 05, ಸಿ5, ಸಿ6, ಸಿ7. ಕೊನೆಯ ಕಾಲಂನಲ್ಲಿ ಎಲ್ಲ ಸೊನ್ನೆ ಇದ್ದರೆ ಒಳ್ಳೆಯದು. 05 ಎಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರುಗಳು, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಂಡುಗಳು. ಸಿ5 ಎಂದರೆ ಓದಲು ತಕರಾರು ಮಾಡುತ್ತಿರುವವು, ಇನ್ನೂ ತೀರ್ಮಾನ ಆಗಿಲ್ಲ. ಸಿ6 ಎಂದರೆ ಸರಿಪಡಿಸಲು ಆಗದೇ ಹೋದವು. ನಿಮ್ಮ ಹಾಗೆ ತಟ್ಟನೆ ಸ್ಲೋ ಆದ ಕಂಪ್ಯೂಟರುಗಳಲ್ಲಿ ನಾನು ಮೊದಲು ನೋಡುವುದು ಈ ಸಿ5 ಸಾಲನ್ನೇ. ಸಿ7 ಮಾತ್ರ ಬೇರೆ ಕಥೆ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಕೇಬಲ್ಲಿನ ತಕರಾರು. ಉಳಿದವೆಲ್ಲ ಸೊನ್ನೆ ಇದ್ದು ಸಿ7 ಮಾತ್ರ ದಿನದಿಂದ ದಿನಕ್ಕೆ ಏರುತ್ತಿದ್ದರೆ ಸಾಟಾ ಕೇಬಲ್ ಬದಲಿಸಿ ನೋಡಿ. ಎಲ್ಲಕ್ಕಿಂತ ಅಗ್ಗದ ರಿಪೇರಿ ಅದು. ಸಿ7ರ ಹಳೆಯ ಎಣಿಕೆ ಅಳಿಸಿಹೋಗುವುದಿಲ್ಲ, ಹಾಗಾಗಿ ಕೇಬಲ್ ಬದಲಿಸಿದ ಮೇಲೂ ಅದು ಸೊನ್ನೆಗೆ ಇಳಿಯಲಿಲ್ಲ ಎಂದು ಗಾಬರಿಯಾಗಬೇಡಿ. ಏರುವುದು ನಿಂತರೆ ಸಾಕು.

ಡಿಸ್ಕಿನ ಮೇಲೆ ಅನುಮಾನ ಬಂತು ಎನ್ನಿ. ಆಗ ಫಾರ್ಮ್ಯಾಟ್ ಇಲ್ಲ, ಡಿಫ್ರ್ಯಾಗ್ ಇಲ್ಲ, ಚೆಕ್‌ಡಿಸ್ಕ್ ಇಲ್ಲ, ಆ್ಯಂಟಿವೈರಸ್‌ನ ಫುಲ್ ಸ್ಕ್ಯಾನೂ ಇಲ್ಲ. ಇವೆಲ್ಲ ಡಿಸ್ಕನ್ನು ಮೂಲೆ ಮೂಲೆ ಕೆದಕುವ ಕೆಲಸಗಳು. ಕಾಯಿಲೆಯವರನ್ನು ಓಡಿಸಿ ಪರೀಕ್ಷೆ ಮಾಡಬಾರದು ಅಲ್ವಾ? ಮೊದಲು ಒಂದು ಹೊರಗಿನ ಹಾರ್ಡ್ ಡಿಸ್ಕ್ ತಂದು ಬೇಕಾದದ್ದನ್ನು ಕಾಪಿ ಮಾಡಿಕೊಳ್ಳಿ. ಸಿ ಡ್ರೈವಿಂದ ಡಿ ಡ್ರೈವಿಗೆ ಹಾಕಿ ‘ಬ್ಯಾಕಪ್ ಆಯ್ತು’ ಎನ್ನುವವರು ಬಹಳ ಜನ. ನಿಮ್ಮಲ್ಲಿ ಇರುವುದು ಒಂದೇ ಡಿಸ್ಕ್. ಸಿ, ಡಿ ಎರಡೂ ಅದೇ ಡಿಸ್ಕಿನ ಎರಡು ಕೋಣೆ. ಕಟ್ಟಡ ಬಿದ್ದರೆ ಎರಡೂ ಬೀಳುತ್ತವೆ.

ಕಟ್ ಮಾಡಬೇಡಿ, ಕಾಪಿ ಮಾತ್ರ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಲೂ ಬೇಡಿ. ಸಂಘದ ಲೆಕ್ಕದ ಫೈಲುಗಳು ಮೊದಲು, ಅವು ಚಿಕ್ಕವು, ಬೇಗ ಮುಗಿಯುತ್ತವೆ. ಆಮೇಲೆ ಎಲ್ಲಿಯೂ ಇನ್ನೊಂದು ಪ್ರತಿ ಇಲ್ಲದ ಹಳೆಯ ಫೋಟೊಗಳು. ಮೊನ್ನೆಯ ಮದುವೆ ಫೋಟೊ ಕೊನೆಗೆ. ಅವು ಪೆನ್‌ಡ್ರೈವಿನಲ್ಲಿ, ಫೋಟೊದವರ ಹತ್ತಿರ, ಅರ್ಧ ಉಡುಪಿಯ ವಾಟ್ಸ್‌ಆ್ಯಪ್‌ನಲ್ಲಿ ಇದ್ದೇ ಇರುತ್ತವೆ. ಯಾವುದಾದರೂ ಫೋಲ್ಡರ್ ಹತ್ತಿರ ಕಾಪಿ ಸಿಕ್ಕಿಹಾಕಿಕೊಂಡರೆ ಹಟ ಹಿಡಿಯಬೇಡಿ. ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಆ ಒಂದು ಫೋಲ್ಡರಿಗಾಗಿ ಡಿಸ್ಕ್ ಸಾಯುವ ತನಕ ಕಾಯುವುದು ಬೇಡ.

ನುಡಿ ಫೈಲು ಇವೆ ಅಂದಿರಿ. ಹಳೆಯ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದವು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಫೈಲ್ ಹಾಳಾಗಿರುವುದಿಲ್ಲ, ಆ ಫಾಂಟ್ ಅಲ್ಲಿ ಇರುವುದಿಲ್ಲ ಅಷ್ಟೇ. ಹಾಗಾಗಿ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹೋಗಿ, ನುಡಿ ಎಂದು ಶುರುವಾಗುವ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಇದನ್ನು ಮರೆತು ಇಪ್ಪತ್ತು ವರ್ಷದ ಸಂಘದ ನಡಾವಳಿ ಹೋಯಿತೆಂದು ಅತ್ತವರನ್ನು ನೋಡಿದ್ದೇನೆ. ಫಾಂಟ್ ಹಾಕಿದ ಮೇಲೆ ಎಲ್ಲ ವಾಪಸ್ ಬಂತು.

ಇಷ್ಟು ಹೇಳಿದ ಮೇಲೆ, ಡಿಸ್ಕ್ ಚೆನ್ನಾಗಿಯೇ ಇರಲೂಬಹುದು. ನಿಮ್ಮ ವಿಷಯದಲ್ಲಿ ನನಗಿರುವ ಎರಡನೇ ಅನುಮಾನ, ಕೆಲಸ ನಡೆಯುವಾಗ ಬೇಕಾದದ್ದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವ ರ‍್ಯಾಮ್.

ಟಾಸ್ಕ್ ಮ್ಯಾನೇಜರಿನಲ್ಲೇ ಮೆಮೊರಿ ಒತ್ತಿ. ಮೇಲೆ ಬಲಗಡೆ ಒಟ್ಟು ಎಷ್ಟು ಎಂದು ಬರೆದಿರುತ್ತದೆ. ಮಗ 8 ಜಿಬಿ ಮಾಡಿಸಿದ್ದಾನೆ. ಅಲ್ಲಿ 4 ಎಂದು ತೋರಿಸುತ್ತಿದೆಯೇ? ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಎದುರು ಎರಡರಲ್ಲಿ ಒಂದು ಎಂದಿದೆಯೇ? ಹಾಗಿದ್ದರೆ ಕಳ್ಳ ಸಿಕ್ಕ. ಒಂದು ರ‍್ಯಾಮ್ ಕೈಕೊಟ್ಟಿದೆ. ಮೂರು ವಾರ ಕಿಟಕಿ ಮುಚ್ಚಿದ ಮನೆ, ಜೂನ್ ತಿಂಗಳ ಮುಂಬಯಿ ಮಳೆ. ಕಪಾಟಿನಲ್ಲಿಟ್ಟ ರೇಷ್ಮೆ ಸೀರೆ, ಚಪ್ಪಲಿಗಳಿಗೇ ಬೂಸ್ಟು ಬರುವ ಕಾಲ ಅದು. ರ‍್ಯಾಮಿನ ತುದಿಯ ಚಿನ್ನದ ಬಣ್ಣದ ಪಟ್ಟಿಗಳಿಗೂ ತೇವ, ಧೂಳು ಕೂತು ಸಂಪರ್ಕ ತಪ್ಪುತ್ತದೆ. 4 ಜಿಬಿಯಲ್ಲಿ ವಿಂಡೋಸ್ 10, ಕ್ರೋಮ್ ಎರಡನ್ನೂ ಎಳೆಯಬೇಕಾದಾಗ ಜಾಗ ಸಾಲದೆ ವಿಂಡೋಸ್ ಹಾರ್ಡ್ ಡಿಸ್ಕನ್ನೇ ರ‍್ಯಾಮಿನ ಹಾಗೆ ಬಳಸತೊಡಗುತ್ತದೆ. ಆಗ ಡಿಸ್ಕ್ 100 ಶೇಕಡಾ ಏರುತ್ತದೆ. ನೋಡಿ, ಮತ್ತೆ ಅಪರಾಧಿ ಡಿಸ್ಕ್ ಎಂದೇ ಕಾಣುತ್ತದೆ! ಅದಕ್ಕೇ ಎರಡನ್ನೂ ನೋಡಿ ಎಂದದ್ದು.

ಇದು ಮನೆಯಲ್ಲೇ ಮಾಡುವ ಕೆಲಸ. ಶಟ್ ಡೌನ್ ಮಾಡಿ ಪ್ಲಗ್ ಕಿತ್ತು, ಆಮೇಲೆ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗುಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ರ‍್ಯಾಮ್ ಎಂದರೆ ನಿಂತಿರುವ ಉದ್ದನೆಯ ಹಸಿರು ಅಥವಾ ಕಪ್ಪು ಪಟ್ಟಿ, ತುದಿಯಲ್ಲಿ ಕ್ಲಿಪ್ ಇರುತ್ತದೆ. ಕ್ಲಿಪ್ ಒತ್ತಿದರೆ ಪಟ್ಟಿ ಮೇಲೆದ್ದು ಬರುತ್ತದೆ. ಅಂಚು ಹಿಡಿದು ತೆಗೆಯಿರಿ. ಮೊಮ್ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರಿನಿಂದ ಚಿನ್ನದ ಪಟ್ಟಿಗಳನ್ನು ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ. ಮಾಸಿದ ಬಣ್ಣ ಹೋಗಿ ಹೊಳಪು ಬರುವುದು ಕಣ್ಣಿಗೇ ಕಾಣುತ್ತದೆ. ರಬ್ಬರಿನ ಪುಡಿಯನ್ನು ಒಣ ಬ್ರಷ್‌ನಿಂದ ಝಾಡಿಸಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ವಾಪಸ್ ಹಾಕುವಾಗ ಕಚ್ಚು ಯಾವ ಕಡೆ ಎಂದು ನೋಡಿ, ಕ್ಲಿಪ್ ‘ಟಕ್’ ಎಂದು ತಾನಾಗಿ ಕೂರುವ ತನಕ ಎರಡೂ ತುದಿ ಒತ್ತಬೇಕು. ಬಹಳ ಜನ ಹೆದರಿ ಅರ್ಧಕ್ಕೇ ಬಿಡುತ್ತಾರೆ, ಆಮೇಲೆ ಆನ್ ಆಗಲಿಲ್ಲವೆಂದು ಫೋನ್ ಮಾಡುತ್ತಾರೆ.

ತಗಡು ತೆಗೆದಿರುವಾಗಲೇ ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿಬಿಡಿ. ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಒಂದು ಮೇಲೆದ್ದಿದ್ದರೂ ಫ್ಯಾನ್ ಓರೆಯಾಗಿ ಪ್ರೊಸೆಸರ್ ಬಿಸಿಯಾಗುತ್ತದೆ. ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಆದರೆ ಇದು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಓಡಿದ ಮೇಲೆ ಬರುವ ಸ್ಲೋ. ಬೆಳಿಗ್ಗೆ ಆನ್ ಮಾಡುವಾಗಲೇ ಎಳೆಯುವ ನಿಮ್ಮದಕ್ಕೆ ಅಷ್ಟಾಗಿ ಹೊಂದುವುದಿಲ್ಲ.

ಮೂರನೆಯದು ಮದುವೆ ಫೋಟೊ. ಡೆಸ್ಕ್‌ಟಾಪ್ ಮೇಲೆ ಹಾಕಿದ್ದು ಸಾಮಾನ್ಯವಾಗಿ ಸಿ ಡ್ರೈವಿಗೇ ಹೋಗುತ್ತದೆ. ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರುಗಳಲ್ಲಿ ಸಿ ಡ್ರೈವನ್ನು ಚಿಕ್ಕದಾಗಿ ಕತ್ತರಿಸಿ ಕೊಡುವ ಅಭ್ಯಾಸ ಹಿಂದೆ ಬಹಳ ಇತ್ತು. ಐವತ್ತು ಅರವತ್ತು ಜಿಬಿ ಫೋಟೊ, ವಿಡಿಯೊ ಬಿದ್ದರೆ ಸಿ ತುಂಬಿ, ವಿಂಡೋಸ್‌ಗೆ ಉಸಿರಾಡಲೂ ಜಾಗ ಇರುವುದಿಲ್ಲ. ‘ದಿಸ್ ಪಿಸಿ’ ತೆರೆದು ನೋಡಿ, ಸಿ ಪಟ್ಟಿ ಕೆಂಪಾಗಿದ್ದರೆ ಬ್ಯಾಕಪ್ ಆದ ಮೇಲೆ ಫೋಟೊಗಳನ್ನು ಡಿಗೆ ಸಾಗಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ. ಒನ್‌ಡ್ರೈವ್ ಆನ್ ಇದ್ದರೆ ಅದು ಡೆಸ್ಕ್‌ಟಾಪ್ ಮೇಲಿನ ಫೋಟೊಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸಲು ಕೂತಿರುತ್ತದೆ. ಅದರ ಉಚಿತ ಜಾಗ 5 ಜಿಬಿ ಮಾತ್ರ. ವಿಂಡೋಸ್ ಕೂಡ ಹೊಸ ಫೈಲುಗಳ ಪಟ್ಟಿ ಮಾಡುತ್ತಿರುತ್ತದೆ, ಅದರದೇ ಆ್ಯಂಟಿವೈರಸ್ ಆದ ಡಿಫೆಂಡರ್ ಮೂರು ವಾರದ ಬಾಕಿ ತಪಾಸಣೆ ನಡೆಸುತ್ತಿರುತ್ತದೆ. ಇವು ಒಂದೆರಡು ದಿನದಲ್ಲಿ ತಣ್ಣಗಾಗುತ್ತವೆ.

ಶಟ್ ಡೌನ್ ಮಾಡುವುದಕ್ಕೂ ರೀಸ್ಟಾರ್ಟ್ ಮಾಡುವುದಕ್ಕೂ ವ್ಯತ್ಯಾಸ ಇದೆ ಎಂದರೆ ಹೆಚ್ಚಿನವರು ನಂಬುವುದಿಲ್ಲ. ‘ಫಾಸ್ಟ್ ಸ್ಟಾರ್ಟ್‌ಅಪ್’ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಹಳೆಯ ಗೋಜಲೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಹೊಸದಾಗಿ ಶುರು. ಆದ್ದರಿಂದ ಫೈಲುಗಳು ಹೊರಗಿನ ಡಿಸ್ಕ್ ಸೇರಿದ ಮೇಲೆ ಒಮ್ಮೆ ರೀಸ್ಟಾರ್ಟ್ ಕೊಡಿ. ಅಷ್ಟಕ್ಕೇ ಗುಣವಾದರೆ ನನಗೆ ಖುಷಿ.

ವೈರಸ್ ಇರಲಿಕ್ಕೇ ಇಲ್ಲ ಎನ್ನುವುದಿಲ್ಲ. ಆದರೆ ಕಾರಣ ಗೊತ್ತಾಗದಿದ್ದಾಗ ನಮ್ಮ ಬೆಂಚಿನವರು ಹೇಳುವ ಮೊದಲ ಮಾತು ಅದೇ. ಡಿಸ್ಕ್ ಗಟ್ಟಿ ಇದೆ ಎಂದು ಖಾತ್ರಿಯಾದ ಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದವರೂ ಉಚಿತ ಸಾಧನಗಳನ್ನು ಕೊಡುತ್ತಾರೆ. ಬೂಸ್ಟರ್ ಬಗ್ಗೆ ಒಂದೇ ಮಾತು: ಸುಸ್ತಾದ ಕಂಪ್ಯೂಟರಿನ ಮೇಲೆ ಇನ್ನೊಂದು ಪ್ರೋಗ್ರಾಂ ಹೇರಿ ಹಗುರ ಮಾಡುವುದು ಹೇಗೆ? ಹುಡುಗನಿಗೆ ಬೇಸರ ಮಾಡಬೇಡಿ, ರ‍್ಯಾಮ್ ಉಜ್ಜಲು ಕರೆಯಿರಿ. ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ತುಂಬ ಬಂದರೆ ಫೋನ್ ಮಾತ್ರ ಮಾಡಬೇಡಿ. ಅಪ್ಪಿತಪ್ಪಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಡಿಸ್ಕ್ ಹೋಗಿದೆ ಎಂದೇ ಆದರೆ ಹೊಸ ಕಂಪ್ಯೂಟರ್ ಬೇಡ. ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, 500 ಜಿಬಿ ಆಸುಪಾಸಿನದು ಸಾಕು. ಅದು ಚಿಪ್‌ಗಳಲ್ಲಿ ಫೈಲು ಇಟ್ಟುಕೊಳ್ಳುವ ಡಿಸ್ಕ್, ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ. ಚೆನ್ನಾಗಿದ್ದ ಕಾಲದಲ್ಲೂ ನಿಮ್ಮ ಡಿಸ್ಕ್ ಇಷ್ಟು ಚುರುಕಾಗಿರಲಿಲ್ಲ ಎನ್ನಿಸುತ್ತದೆ. ನಿಮ್ಮ ವಿಂಡೋಸ್ ಅಸಲಿಯಾಗಿ ಆ್ಯಕ್ಟಿವೇಟ್ ಆಗಿದ್ದರೆ ಡಿಸ್ಕ್ ಬದಲಿಸಿದ್ದಕ್ಕೆ ಮತ್ತೆ ಲೈಸೆನ್ಸ್ ಕೊಳ್ಳಬೇಕಿಲ್ಲ, ಅದು ಮದರ್‌ಬೋರ್ಡನ್ನು ಗುರುತು ಹಿಡಿಯುತ್ತದೆ. ‘ವಿಂಡೋಸ್ ಚಾರ್ಜ್’ ಎಂದು ಬಿಲ್ಲಿನಲ್ಲಿ ಸೇರಿಸಿದರೆ ಕೇಳಿ. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯೇ ಇದೆ.

ಹೇಗಿದ್ದರೂ ತಿಳಿದಿರಬೇಕಾದ ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದೆ. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಸುರಕ್ಷತಾ ಅಪ್‌ಡೇಟ್ 2026ರ ಅಕ್ಟೋಬರ್ 13ರ ತನಕ ಎಂದು ಹೇಳಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2017ರ ಐ3 ಬಹುಶಃ ಏಳನೆಯದು. ಬ್ಯಾಂಕ್ ವ್ಯವಹಾರವನ್ನು ಆ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರೆ ಮಗನ ಹತ್ತಿರ ಈ ಮಾತು ಎತ್ತಿ.

ಕಾಪಿ ಮಾಡುವಾಗಲೇ ಡಿಸ್ಕ್ ಟಕ್ ಟಕ್ ಎನ್ನಲು ಶುರು ಮಾಡಿದರೆ ತಕ್ಷಣ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡುವ ಆಸೆ ಬೇಡ. ಅದು ಡೇಟಾ ರಿಕವರಿಯವರ ಕೆಲಸ, ಲ್ಯಾಮಿಂಗ್ಟನ್ ರೋಡಿನ ಕಡೆ ಅಂಥವರು ಸಿಗುತ್ತಾರೆ. ಮಳೆಯಲ್ಲಿ ಇಡೀ ಕ್ಯಾಬಿನೆಟ್ ಹೊತ್ತು ಬರಬೇಡಿ. ನಾಲ್ಕು ಸ್ಕ್ರೂ, ಎರಡು ಕೇಬಲ್ ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಒಣ ಹತ್ತಿ ಟವೆಲ್ಲಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬ್ಯಾಗಿಗೆ ಹಾಕಿಕೊಳ್ಳಿ. ಹನ್ನೊಂದು ಗಂಟೆ ಕಳೆದು ಜನಸಂದಣಿ ಇಳಿದ ಮೇಲೆ ಹೊರಡಿ. ದಾದರ್‌ನಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಬೇಕು. ಅಲ್ಲಿ ಎಲ್ಲ ಫಾಸ್ಟ್ ನಿಲ್ಲುವುದಿಲ್ಲ, ಸ್ಲೋ ಹಿಡಿಯಿರಿ.